ಬರುವಾಗ ಉಪ್ಪು ತನ್ನಿ

ಆ ಮನೆಯ ಅಡುಗೆಮನೆಯಲ್ಲಿ ಮೇಲಿನ ಕಪಾಟಿನ ಬಾಗಿಲು ತೆಗೆದವರಿಗೆ, ಇವರೇನು ಸಮುದ್ರವನ್ನೇ ಒಣಗಿಸಿ ತಂದಿಟ್ಟುಕೊಂಡಿದ್ದಾರೋ ಎಂಬ ಅನುಮಾನ ಬರುತ್ತಿತ್ತು. ಬೀದಿಗೆಲ್ಲ ಹಂಚಿದ ಮೇಲೂ ಒಂದರ ಮೇಲೊಂದು ಉಪ್ಪಿನ ಪೊಟ್ಟಣಗಳು. ನೀಲಿ ಪೊಟ್ಟಣ, ಮೇಲೊಂದು ಹಡಗಿನ ಚಿತ್ರ. ಮೇಲಿನ ಕಪಾಟು ತುಂಬಿ, ಕೆಳಗಿನ ಕಪಾಟಿಗೆ ಇಳಿದು, ಅಲ್ಲಿಂದ ಅಜ್ಜಿಯ ಮಂಚದ ಕೆಳಗೆ ಲಂಗರು ಹಾಕಿತ್ತು ಆ ಹಡಗುಗಳ ಸಾಲು. ಅಷ್ಟು ಉಪ್ಪು ತಿನ್ನುವ ಮನೆಯಲ್ಲ ಅದು. ಅಷ್ಟು ಹೆದರುವ ಮನೆ.

ಹೆದರುವ ಖಾತೆ ಮನೆಯ ಯಜಮಾನನದು. ಬೀದಿಯವರು ಅವನಿಗಿಟ್ಟ ಹೆಸರು ಸೌಟುರಾಯ. ಮಗಳು ಹುಟ್ಟಿದ ವರ್ಷ ಅವನು ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿತು; ಅದೇ ವರ್ಷ ಹೆಂಡತಿಗೆ ಎತ್ತರದ ಕಟ್ಟಡಗಳ ಗಾಜು ತೊಳೆಯುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಸ್ವಲ್ಪ ದಿನ ಎಂದು ಅವನು ಸೌಟು ಹಿಡಿದ. ಮಗಳು ಈಗ ಡಿಗ್ರಿ ಎರಡನೇ ವರ್ಷ. ಸೌಟು ಇನ್ನೂ ಅವನ ಕೈಯಲ್ಲೇ ಇದೆ. ಹೆಂಡತಿ ಮಾತ್ರ ವರ್ಷದಿಂದ ವರ್ಷಕ್ಕೆ ಮೇಲೇರಿದಳು. ಆಫೀಸಿನವರು ಏರುವ ಹಾಗಲ್ಲ, ನಿಜವಾಗಿಯೂ ಮೇಲೆ. ಮೊದಲು ನಾಲ್ಕು ಮಹಡಿ, ಆಮೇಲೆ ಹತ್ತು, ಈಗ ಎಷ್ಟೆಂದು ಹೇಳಲು ಹೊರಟರೆ ಸೌಟುರಾಯ ಕುಕ್ಕರಿನ ಸೀಟಿ ಕೇಳಿಸಿತೆಂದು ಒಳಗೆ ಓಡುತ್ತಿದ್ದ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿ ತಾರಸಿಯ ಕೊಂಡಿಗೆ. ಜೊತೆ ಕೆಲಸದವರು ಅವಳನ್ನು ಕರೆಯುತ್ತಿದ್ದುದು ಹಗ್ಗದಕ್ಕ ಎಂದು.

ಆ ಮನೆಯಲ್ಲಿ ‘ರೀ’ ಎಂಬುದೂ ತಿರುಗಿ ನಿಂತಿತ್ತು. ಮೊದಲ ಸಂಬಳದ ದಿನ ಅವನು ತಮಾಷೆಗೆಂದು, “ಬಂದ್ರಾ ರೀ, ಕಾಲು ತೊಳ್ಕೊಳ್ಳಿ, ಬಡಿಸ್ತೀನಿ” ಎಂದಿದ್ದ. ತಮಾಷೆ ಹಾಗೇ ಅಂಟಿಕೊಂಡು, ಅವನು ಅವಳಿಗೆ ‘ರೀ’, ಅವಳು ಅವನಿಗೆ ‘ನೀನು’ ಎಂದಾಗಿಹೋಯಿತು. ಅವನ ತಾಯಿ, ಅಂದರೆ ಮನೆಯ ಅಜ್ಜಿ, ಇದನ್ನು ಇವತ್ತಿಗೂ ಹಲ್ಲುನೋವಿನ ಹಾಗೆ ಸಹಿಸಿಕೊಂಡಿದ್ದಳು.

ಉಪ್ಪಿನ ವಿಷಯಕ್ಕೆ ಬರೋಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ಹೊರಡುವಾಗ ಅವನು ಬಾಗಿಲಲ್ಲಿ ನಿಂತು, “ಹುಷಾರು” ಎಂದ. ಅವಳು ಹೋಗಿ ಸಂಜೆ ಬಂದು ಚೀಲವನ್ನು ನೆಲಕ್ಕೆ ಕುಕ್ಕಿದಳು. ಆ ಮಾತು ದಿನವಿಡೀ ಕಾಲೊಳಗೆ ಇಳಿದು ನಡುಗಿಸಿತಂತೆ. ಹುಷಾರು ಎಂದರೆ ಬೀಳಬಹುದು ಎಂದಂತಾಯಿತು. ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಆ ಮಾತು ಆಡಕೂಡದು ಎಂದು ಕಾನೂನು ಮಾಡಿದಳು. ಮಾರನೆಯ ದಿನ ಬಾಗಿಲಲ್ಲಿ ಅವನ ಬಾಯಿ ತೆರೆಯಿತು, ಮಾತು ಗಂಟಲಲ್ಲಿ ನಿಂತಿತು, ಕೊನೆಗೆ ಹೊರಬಿದ್ದದ್ದು, “ಬರುವಾಗ ಉಪ್ಪು ತನ್ನಿ.” ಸಂಜೆ ಅವಳು ತಂದಳು. ಕಂಪನಿಯ ವ್ಯಾನು ಬಿಡುವ ತಿರುವಿನಲ್ಲೇ ಅಂಗಡಿ. ನೀಲಿ ಪೊಟ್ಟಣ, ಹಡಗಿನ ಚಿತ್ರ. ಅಂದಿನಿಂದ ಪ್ರತಿ ಬೆಳಿಗ್ಗೆಯೂ ಅದೇ ಮಾತು, ಪ್ರತಿ ಸಂಜೆಯೂ ಅದೇ ಪೊಟ್ಟಣ. ಉಪ್ಪು ಮನೆಗೆ ಬಂತೆಂದರೆ ಅವಳು ಬಂದಳು ಎಂದು. ಅಲ್ಲಿಯವರೆಗೆ ಸೌಟುರಾಯ ಬೇಳೆ ಆರಿಸುತ್ತಿದ್ದ. ಅಂಗಡಿಯ ಪ್ಯಾಕೆಟ್ ಬೇಳೆ, ಕನ್ನಡಿಯಂತೆ ಸ್ವಚ್ಛ. ಆದರೂ ತಟ್ಟೆಗೆ ಸುರಿದು, ಒಂದೊಂದೇ ಕಾಳನ್ನು ಈ ಕಡೆಯಿಂದ ಆ ಕಡೆಗೆ ದೂಡುತ್ತಿದ್ದ. ಮುಗಿದರೆ ಮತ್ತೆ ಆ ಕಡೆಯಿಂದ ಈ ಕಡೆಗೆ.

ಹೆದರಿಕೆಯನ್ನು ಅವನು ಮುಚ್ಚುತ್ತಿದ್ದುದು ಬಾಯಿಯಿಂದ. ಅವನಿಗೆ ಬಾರದ ದನಿಯಿರಲಿಲ್ಲ. ತಾಯಿಯ ಗೊಣಗಾಟ, ತರಕಾರಿಯವಳ ಕೂಗು, ಮಾತಿಗೆ ಮುಂಚೆ ‘ಅಂದ್ರೆ’ ಮಾತಿಗೆ ಹಿಂದೆ ‘ಅಂದ್ರೆ’ ಎನ್ನುವ ಕಂಪನಿಯ ಮೇಸ್ತ್ರಿ. ಒಮ್ಮೆ ಮೇಸ್ತ್ರಿಯ ದನಿಯಲ್ಲಿ ಫೋನ್ ಮಾಡಿ, ತಾರಸಿಯ ಮೇಲೆ ಹಗ್ಗದ ಗಂಟು ನೋಡಿಕೊಳ್ಳುವ ಗಂಟಣ್ಣನಿಗೆ ರಜೆ ಕೊಟ್ಟುಬಿಟ್ಟಿದ್ದ. ಸದಾ ಗಂಟು ಮುಖ ಹಾಕಿಕೊಂಡಿರುವ ಗಂಟಣ್ಣ ಆ ಒಂದು ದಿನ ನಕ್ಕನಂತೆ, ಮರುದಿನ ನಿಜವಾದ ಮೇಸ್ತ್ರಿ ಸಿಗುವವರೆಗೆ.

ಇಂಥ ಅಪ್ಪನಿಗೆ ಹುಟ್ಟಿದ ಮಗಳು ಕಥೆ ಬರೆಯದಿದ್ದರೆ ಆಶ್ಚರ್ಯ. ಪ್ರತಿ ಭಾನುವಾರ ಫೋನಿನಲ್ಲಿ ಒಂದು ಕಂತು ಬಿಡುತ್ತಿದ್ದಳು, ಸಾವಿರಾರು ಹುಡುಗಿಯರು ಓದುತ್ತಿದ್ದರು. ಅವಳು ಕಟ್ಟಿದ ರಾಜ್ಯದಲ್ಲಿ ಹೆಂಗಸರು ರೆಕ್ಕೆಯ ಕುದುರೆ ಏರಿ ಕಾಳಗಕ್ಕೆ ಹೋಗುತ್ತಾರೆ. ಗಂಡಸರು ಮುಸುಕು ಹಾಕಿಕೊಂಡು ಅರಮನೆಯಲ್ಲಿ ಕಾಯುತ್ತಾರೆ. ನಾಯಕಿ ಕತ್ತಿರಾಣಿ. ಅವಳ ಮೆಚ್ಚಿನ ಯುವರಾಜ ಹಾಲುಗೆನ್ನೆಯವನು, ಕಿಟಕಿಯ ಬಳಿ ಕೂತು ಕೊಳಲು ಊದುತ್ತಾ ಅವಳ ದಾರಿ ನೋಡುವವನು. ಕಂತು ಲೋಕಕ್ಕೆ ಹೋಗುವ ಮೊದಲು ಭಾನುವಾರದ ಊಟದಲ್ಲಿ ಮನೆಯವರಿಗೆ ಓದಬೇಕು. ಪ್ರತಿ ಕಂತೂ ಒಂದೇ ಸಾಲಿನಿಂದ ಶುರು: ‘ಕತ್ತಿರಾಣಿಗೆ ಭಯವೆಂಬುದರ ಪರಿಚಯವೇ ಇರಲಿಲ್ಲ.’

ಕತ್ತಿರಾಣಿ ಯಾರೆಂದು ಮನೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಹಗ್ಗದಕ್ಕನ ನಡೆ, ಹಗ್ಗದಕ್ಕನ ಸಿಡುಕು, ಹಗ್ಗದಕ್ಕನ ಹಾಗೆಯೇ ಎಡಗೈಯಿಂದ ಜಡೆ ಹಿಂದಕ್ಕೆಸೆಯುವ ರೀತಿ. ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹೊಸ ಹುಡುಗಿಯೊಬ್ಬಳು ವ್ಯಾನಿನಲ್ಲಿ ಇದೇ ಕಂತುಗಳನ್ನು ಓದಿಕೊಂಡು ಬಂದು ಅವಳನ್ನು ‘ರಾಣಿ’ ಎಂದೇ ಕರೆಯುತ್ತಿದ್ದಳಂತೆ. ಯುವರಾಜ ಯಾರೆಂಬುದೂ ಸೌಟುರಾಯನಿಗೆ ಗೊತ್ತಿತ್ತು. ಯುವರಾಜ ಹೆಗಲ ಮೇಲಿನ ವಸ್ತ್ರಕ್ಕೆ ಕೈ ಒರೆಸಿಕೊಳ್ಳುತ್ತಿದ್ದ.

“ಅಲ್ಲ ಪುಟ್ಟಿ, ಆ ಅರಮನೇಲಿ ಪಾತ್ರೆ ಯಾರು ತೊಳೀತಾರೆ?” ಎಂದು ಅವನು ಕೇಳಿದ್ದ.

“ಅದು ಮಾಯಾಲೋಕ ಅಪ್ಪ. ಪಾತ್ರೆ ತಾವೇ ತೊಳ್ಕೊಳ್ತವೆ.”

“ಹಾಗಾದ್ರೆ ನನ್ನನ್ನೂ ಅಲ್ಲಿಗೇ ಮದುವೆ ಮಾಡಿ ಕೊಡು.”

ಹಗ್ಗದಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು ಆಗ. ಆ ನಗು ಮೊದಲು ನಿಂತದ್ದು ಯಾವಾಗ ಎಂದು ಅವನು ಆಮೇಲೆ ಎಷ್ಟೋ ಸಲ ಯೋಚಿಸಿದ. ಒಂದು ಸಂಜೆ ಅವಳು ಭುಜ ಕೆಂಪಗೆ ಮಾಡಿಕೊಂಡು ಬಂದು, ವ್ಯಾನಿನ ಬಾಗಿಲು ಬಡಿಯಿತು ಎಂದಿದ್ದಳು. ಅವನು ಬಿಸಿನೀರಿನ ಶಾಖ ಕೊಟ್ಟು, ವ್ಯಾನಿನ ದನಿಯಲ್ಲಿ ಕ್ಷಮೆ ಕೇಳಿದ್ದ. ಅವಳು ನಗಲಿಲ್ಲ. ಆ ಭಾನುವಾರ ಮಗಳು ‘ಭಯವೆಂಬುದರ ಪರಿಚಯವೇ’ ಎಂದು ಓದುವಾಗ ಹಗ್ಗದಕ್ಕನ ದವಡೆ ನಿಂತಿತು. ತುತ್ತು ಬಾಯಲ್ಲೇ ಉಳಿಯಿತು. ಸಾಲು ಮುಗಿದ ಮೇಲೆ ಮತ್ತೆ ಅಗಿದಳು.

ಬಟ್ಟೆ ಒಗೆಯುವವನಿಗೆ, ಹರಿದದ್ದು ಹೊಲಿಯುವವನಿಗೆ ಕಾಣುವ ಕೆಲವು ಸಂಗತಿಗಳಿವೆ. ಅವಳ ಕೈಗವಸುಗಳು ಇಷ್ಟು ವರ್ಷವೂ ಬೆರಳ ತುದಿಯಲ್ಲಿ ಸವೆಯುತ್ತಿದ್ದವು. ಗಾಜು ಒರೆಸುವ ಕೈ ಸವೆಯುವುದು ಅಲ್ಲೇ. ಈಗ ತುದಿಗಳು ಹೊಸದರಂತಿದ್ದವು, ಎರಡೂ ಅಂಗೈಗಳು ಜಾಳುಜಾಳು. ಇವಳು ಒರೆಸುತ್ತಿಲ್ಲ, ಹಿಡಿದುಕೊಂಡಿದ್ದಾಳೆ ಎಂದು ಅವನಿಗೆ ಸೂಜಿ ಚುಚ್ಚಿದಂತೆ ಹೊಳೆಯಿತು. ಹೊಳೆದದ್ದನ್ನು ದಾರದ ಜೊತೆಗೇ ಒಳಗೆಳೆದು ಗಂಟು ಹಾಕಿದ. ಅದೇ ವಾರ ಬಚ್ಚಲುಮನೆಯ ಬಲ್ಬು ಹೋಯಿತು. ಮನೆಯಲ್ಲಿ ಎತ್ತರದ ಕೆಲಸ ಯಾವಾಗಲೂ ಅವಳದು, ಸ್ಟೂಲು ಹತ್ತಿದರೆ ಅವನಿಗೆ ತಲೆ ಸುತ್ತುತ್ತಿತ್ತು. ಅವಳು ಸ್ಟೂಲು ತಂದಳು, ಅದರ ಮೇಲೆ ಒಂದು ಕಾಲಿಟ್ಟಳು, ಇಳಿಸಿದಳು, ಕತ್ತಲಲ್ಲೇ ಮುಖ ತೊಳೆಯುವುದು ಕಣ್ಣಿಗೆ ಒಳ್ಳೆಯದಂತೆ ಎಂದು ಹೇಳಿ ಹೋದಳು. ಬಲ್ಬು ಹಾಕಿದ್ದು ಮಗಳು.

ಆಮೇಲೆ ಬಂತು ಮೀನು.

ಒಂದು ಸಂಜೆ ಚೀಲದಿಂದ ಅವಳು ತೆಗೆದಿಟ್ಟ ಪೊಟ್ಟಣ ಕೆಂಪಗಿತ್ತು. ಹಡಗಿರಲಿಲ್ಲ, ಮೀನಿನ ಚಿತ್ರವಿತ್ತು. ತಿರುವಿನ ಅಂಗಡಿಯಲ್ಲಿ ಮುಗಿದಿರಬೇಕು ಎಂದುಕೊಂಡ. ಮರುದಿನವೂ ಮೀನು. ಅದರ ಮರುದಿನವೂ. ಕಾಯಿಮೆಣಸು ತರುವ ನೆವದಲ್ಲಿ ತಿರುವಿನ ಅಂಗಡಿಗೆ ಹೋಗಿ ನೋಡಿದರೆ ಹಡಗುಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು, ಅಕ್ಕ ಕಾಣುತ್ತಲೇ ಇಲ್ಲವಲ್ಲ, ಊರಿಗೆ ಹೋಗಿದ್ದಾರಾ ಎಂದು ಕೇಳಿದ.

ಅಜ್ಜಿಗೆ ಇದು ಗೊತ್ತಾಗದೇ ಇರುವುದು ಸಾಧ್ಯವಿರಲಿಲ್ಲ. ಅವಳ ಮಂಚದ ಕೆಳಗೇ ಕೆಂಪು ಪೊಟ್ಟಣಗಳು ಸೇರುತ್ತಿದ್ದವು. ಬೀನ್ಸಿನ ನಾರು ತೆಗೆಯುತ್ತಾ ಅವಳು ಮಗನ ಮುಂದೆ ವಿಷಯವನ್ನೂ ಬಿಡಿಸಿದಳು.

“ದುಡಿಯೋ ಹೆಂಗಸು ದಾರಿ ಬದಲಾಯಿಸಿದಾಳೆ ಅಂದ್ರೆ, ದಾರೀಲಿ ಯಾರೋ ಸಿಕ್ಕಿದಾರೆ ಅಂತ ಅರ್ಥ.”

“ಅಮ್ಮ, ಇದು ನೀನು ಅಪ್ಪನ ಮೇಲೆ ಪಡ್ತಿದ್ದ ಅನುಮಾನ. ಹಳೇದನ್ನ ತಂದು ಸೊಸೆ ಅಳತೆಗೆ ಹೊಲೀಬೇಡ.”

ಮಾತಿಗೆ ಹಾಗೆಂದನೇ ಹೊರತು, ಅಂದು ಒಗೆಯುವ ಮೊದಲು ಹೆಂಡತಿಯ ಅಂಗಿಯ ಕಾಲರನ್ನು ಮೂಸಿ ನೋಡಿದ. ಸೋಪಿನ ವಾಸನೆಯಿರಲಿಲ್ಲ, ಗಾಜು ತೊಳೆಯುವ ದ್ರಾವಣದ ಘಾಟೂ ಇರಲಿಲ್ಲ. ಧೂಳು, ಬೆವರು, ತುಕ್ಕಿನ ವಾಸನೆ. ಯಾರಾದರೂ ಸಿಕ್ಕಿದ್ದರೆ ಸಿಗಲಿ, ಅವನು ನೆಲದ ಮೇಲೆ ನಿಲ್ಲುವವನಾಗಿರಲಿ ಎಂದು ಹಾರೈಸುವ ಮಟ್ಟಕ್ಕೆ ಅವನ ಹೆದರಿಕೆ ಬಂದು ಮುಟ್ಟಿತ್ತು.

ಮರುದಿನ ಮಧ್ಯಾಹ್ನ ಗಂಟಣ್ಣ ಫೋನ್ ಮಾಡಿದ. ಅಕ್ಕ ಫೋನ್ ತೆಗೆಯುತ್ತಿಲ್ಲ, ಅದಕ್ಕೆ ಮನೆಗೆ ಮಾಡಿದೆ ಎಂದ.

“ಅಕ್ಕನ ಜ್ವರ ಹೇಗಿದೆ ಅಣ್ಣ?”

ಸೌಟುರಾಯ ಬೇಳೆ ತಟ್ಟೆಯನ್ನು ಕೆಳಗಿಟ್ಟ. “ಇಳೀತಿದೆ” ಎಂದ.

ಗಂಟಣ್ಣ ಒಂದೊಂದೇ ಗಂಟು ಬಿಚ್ಚಿದ. ಆವತ್ತು ಗಾಳಿ ಹೊಡೆದ ಮೇಲೆ ಅಕ್ಕ ಮೊದಲಿನಂತಿರಲಿಲ್ಲ. ಹಗ್ಗ ತಿರುಚಿಕೊಂಡು ಕಟ್ಟಡದಿಂದ ಆಚೆ ತೂಗಿ, ತಿರುಗಿ ಬಂದು ಗಾಜಿಗೆ ಬಡಿದರಲ್ಲ, ಮನೆಯಲ್ಲಿ ಹೇಳಿರಬೇಕು. ಪುಣ್ಯಕ್ಕೆ ಗಾಜಿಗೇನೂ ಆಗಲಿಲ್ಲ. ಆಮೇಲೂ ಕೆಲಸಕ್ಕೆ ಬಂದರು, ಆದರೆ ಒಂದು ದಿನ ನಡುವಿನಲ್ಲೇ ಹಗ್ಗ ಹಿಡಿದು ನಿಂತುಬಿಟ್ಟರು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಕೇಳಿದರೆ ಕಲೆ ಉಜ್ಜುತ್ತಿದ್ದೆ ಎಂದರು. ಅದರ ಮರುದಿನದಿಂದ ಜ್ವರ. ಸೋಮವಾರ ಗೋಪುರದ ಕೆಲಸ ಶುರು, ಊರಿಗೇ ಎತ್ತರದ ಕಟ್ಟಡ, ಅಕ್ಕ ಬಂದೇ ಬರುತ್ತೇನೆಂದು ಮೇಸ್ತ್ರಿಗೆ ಮಾತು ಕೊಟ್ಟಿದ್ದಾರೆ.

“ಬರ್ತಾರಲ್ವಾ ಅಣ್ಣ?”

ಸೌಟುರಾಯನಿಗೆ ಆ ಹೊತ್ತಿನಲ್ಲಿ ಯಾರ ದನಿಯೂ ಬರಲಿಲ್ಲ, ತನ್ನದೂ ಸೇರಿದಂತೆ.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಹೊರಟಳು. ಅವನು ಎಂದಿನಂತೆ ಉಪ್ಪು ತರಲು ಹೇಳಿದ. ಅವಳು ಬೀದಿಯ ತುದಿ ತಲುಪುತ್ತಿದ್ದಂತೆ ಒಲೆ ಆರಿಸಿ, ತರಕಾರಿ ಚೀಲ ಹಿಡಿದು ಹಿಂದೆ ಹೊರಟ. ಅವಳು ವ್ಯಾನಿನ ತಿರುವಿಗೆ ಹೋಗಲಿಲ್ಲ. ಒಳಬೀದಿ ಹಿಡಿದು, ಗ್ಯಾರೇಜು ದಾಟಿ, ಶಾಲೆಯ ಹಿಂದಿನ ಮಕ್ಕಳ ಉದ್ಯಾನಕ್ಕೆ ಹೋದಳು. ಎದುರಿಗೊಂದು ಅಂಗಡಿ, ಬಾಗಿಲಲ್ಲಿ ಕೆಂಪು ಪೊಟ್ಟಣಗಳ ಮಾಲೆ. ಅವನು ಅದರ ಮರೆಯಲ್ಲಿ ನಿಂತ.

ಉದ್ಯಾನದಲ್ಲಿ ಒಂದು ಜಾರುಬಂಡೆ ಇತ್ತು. ಒಂದು ಬದಿ ಜಾರುವ ತಗಡು, ಇನ್ನೊಂದು ಬದಿ ಕಬ್ಬಿಣದ ಮೆಟ್ಟಿಲು. ಮೋಡದಲ್ಲಿ ತೂಗಾಡಿ ಬಂದ ಹೆಂಗಸು ಅದರ ಮುಂದೆ ನಿಂತು ಎರಡೂ ಕಂಬಿ ಹಿಡಿದಳು. ಮೊದಲ ಮೆಟ್ಟಿಲು. ಎರಡನೆಯದು. ಮೂರನೆಯದರಲ್ಲಿ ನಿಂತಳು. ನಿಂತೇ ಇದ್ದಳು. ತಾತನ ಜೊತೆ ಬಂದಿದ್ದ ಪುಟ್ಟ ಹೆಣ್ಣುಮಗುವೊಂದು ಹಿಂದೆ ಬಂದು ಸರದಿಗೆ ಕಾಯಿತು. ಕಾದು ಬೇಸತ್ತು, “ಹೋಗಿ ಆಂಟಿ, ಬೇಗ” ಎಂದಿತು. ಅವಳು ಅಲುಗಲಿಲ್ಲ. ಮಗು ಅವಳ ಕಂಕುಳಿನ ಸಂದಿಯಲ್ಲಿ ನುಸುಳಿ ಮೇಲೆ ಹೋಗಿ ಜಾರಿ ಬಂತು. ಅವಳು ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಕಾಲಿನಿಂದ ತಡಕುತ್ತಾ ಕೆಳಗಿಳಿದಳು. ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿದಳು. ಮತ್ತೆ ಕಂಬಿ ಹಿಡಿದಳು.

ಓಡಿಹೋಗಿ ಅವಳ ಕೈ ಹಿಡಿಯಬೇಕು ಅನ್ನಿಸಿತು ಅವನಿಗೆ. ಆದರೆ ಅವಳು ಈ ಮೂರು ಮೆಟ್ಟಿಲನ್ನು ಇಡೀ ಮನೆಯಿಂದ ಮುಚ್ಚಿಟ್ಟಿದ್ದಾಳೆ. ತಾನು ನೋಡಿದೆನೆಂದು ತಿಳಿದರೆ ಹಟಕ್ಕೆ ಬಿದ್ದು ಇವತ್ತೇ ಗೋಪುರ ಹತ್ತಿಯಾಳು. ತರಕಾರಿ ಕೊಳ್ಳದೆ ಮನೆಗೆ ಬಂದ.

ತಾಯಿಗೆ ಹೇಳಿದ. ಯಾರೂ ಸಿಕ್ಕಿಲ್ಲ, ಜಾರುಬಂಡೆ ಸಿಕ್ಕಿದೆ ಎಂದ. ಅಜ್ಜಿ ತಮಾಷೆಯೆಂದುಕೊಂಡು ಬಾಯಿ ತೆರೆದವಳು ಮಗನ ಮುಖ ನೋಡಿ ಮುಚ್ಚಿದಳು. ಸೆರಗಿನ ಅಂಚು ತಿರುವುತ್ತಾ ಗೋಡೆಗೆ ಹೇಳುವಂತೆ ಹೇಳಿದಳು:

“ನಿಮ್ಮಪ್ಪನೂ ಹೆದರಿದ್ದ.”

ಅವನಪ್ಪ ಲಾರಿ ಓಡಿಸುತ್ತಿದ್ದವನು. ಘಾಟಿಯಲ್ಲಿ ಒಮ್ಮೆ ಬ್ರೇಕು ಹಿಡಿಯದೆ ಹೇಗೋ ಉಳಿದು ಬಂದಿದ್ದ. ಅದಾದ ಮೇಲೆ ಹೊರಡುವ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ವಾಂತಿ ಮಾಡುತ್ತಿದ್ದ, ನಲ್ಲಿ ಜೋರಾಗಿ ಬಿಟ್ಟುಕೊಂಡು.

“ನನಗೆ ಕೇಳಿಸ್ತಿತ್ತು. ಗಂಡಸಿಗೆ ಹೆದರಿಕೆನಾ ಅಂತ ಹೇಗೆ ಕೇಳೋದು, ಅವಮಾನ ಆಗುತ್ತಲ್ಲ ಅಂತ ಸುಮ್ಮನಿದ್ದೆ. ಬುತ್ತಿ ಕಟ್ಟಿ ಕೊಟ್ಟೆ. ಮಳೆ ಬಂದ ದಿನ, ಅದೇ ತಿರುವು.” ಅಜ್ಜಿ ಎದ್ದು ಒಳಗೆ ಹೋಗುತ್ತಾ ಅಂದಳು, “ನೀನು ಬುತ್ತಿ ಚೆನ್ನಾಗಿ ಕಟ್ತೀಯ. ನನಗಿಂತ ಚೆನ್ನಾಗಿ.”

ಶನಿವಾರ ಮಗಳು ಸೋಫಾದ ಮೇಲೆ ಕಾಲು ಮಡಚಿಕೊಂಡು ಕತ್ತಿರಾಣಿಯನ್ನು ಕಪ್ಪುಗೋಪುರದ ಬುಡಕ್ಕೆ ತಂದು ನಿಲ್ಲಿಸಿದ್ದಳು. ತುದಿಯಲ್ಲಿ ರೆಕ್ಕೆಯ ಘಟಸರ್ಪ. ನಾಡಿದ್ದು ಅಮ್ಮ ಗೋಪುರ ಹತ್ತುತ್ತಾಳೆ, ನಾಳೆ ರಾಣಿ ಹತ್ತುತ್ತಾಳೆ, ಎಂಥ ಹೊಂದಾಣಿಕೆ ನೋಡು ಎಂದು ಅವಳು ಖುಷಿಯಾಗಿದ್ದಳು. ಸೌಟುರಾಯ ಪಕ್ಕದಲ್ಲಿ ಕೂತು, ರಾಣಿಗೆ ಈ ಒಂದು ಕಂತಿನಲ್ಲಿ ಸ್ವಲ್ಪ ಹೆದರಿಕೆಯಾಗಲಿ ಎಂದು ಕೇಳಿಕೊಂಡ. ಮಗಳು ಫೋನಿನಿಂದ ತಲೆಯೆತ್ತಲಿಲ್ಲ.

“ಹೆದರೋ ನಾಯಕಿಯರು ಲೋಕದ ತುಂಬ ಇದಾರೆ ಅಪ್ಪ. ಇವಳೊಬ್ಬಳಾದ್ರೂ ಹೆದರದೆ ಇರ್ಲಿ.”

“ಹೆದರಬಾರದು ಅನ್ನೋದು ಗಂಡು ರಾಜರಿಗೆ ಅಂಟಿದ್ದ ರೋಗ ಕಣೆ. ಕಿರೀಟದ ಜೊತೆ ಅದನ್ನೂ ತಂದು ಅವಳ ತಲೆಗೆ ಇಟ್ಟಿದೀಯ.”

“ಹಾಗಾದ್ರೆ ಹೆದರೋದಕ್ಕೆ ಯುವರಾಜ ಇದಾನಲ್ಲ.”

“ಇದಾನೆ. ಕಿಟಕೀಲಿ ಕೂತು ಕೊಳಲು ಊದ್ತಾನೆ. ಕಾಯೋರು ಯಾರೂ ಊದಲ್ಲ ಪುಟ್ಟಿ. ಬಾಯಿ ಒಣಗಿರುತ್ತೆ.”

ಮಗಳು ಈಗ ತಲೆಯೆತ್ತಿದಳು. ಅಪ್ಪ ಯಾರ ದನಿಯನ್ನೂ ಮಾಡುತ್ತಿರಲಿಲ್ಲ. ಅದು ಅವಳಿಗೆ ಅಭ್ಯಾಸವಿರಲಿಲ್ಲ, ಹಾಗಾಗಿ ಸಿಟ್ಟು ಬಂತು. ಎಲ್ಲ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ರೆಕ್ಕೆ ಕತ್ತರಿಸುವುದು ಅಪ್ಪಂದಿರೇ, ನೀನು ಸೌಟು ಹಿಡಿದರೂ ಅಪ್ಪನೇ ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾರಣ ಹೇಳಿದ್ದರೆ ಅವಳು ಕೇಳುತ್ತಿದ್ದಳೇನೋ. ಹೇಳಿದರೆ ಅದು ಹೆಂಡತಿಯ ಗುಟ್ಟು ಮಾರಿದಂತೆ ಎಂದು ಅವನು ನುಂಗಿಕೊಂಡ.

ಭಾನುವಾರದ ಊಟಕ್ಕೆ ಅವನು ಹೆಂಡತಿಗೆ ಇಷ್ಟವಾದ ಆಲೂಗಡ್ಡೆ ಹುರಿದಿದ್ದ. ಮಗಳು ಓದಿದಳು, ಅಪ್ಪನ ಕಡೆ ನೋಡದೆ. ‘ಕತ್ತಿರಾಣಿಗೆ ಭಯವೆಂಬುದರ ಪರಿಚಯವೇ ಇರಲಿಲ್ಲ.’ ರಾಣಿ ಬರಿಗೈಯಲ್ಲಿ ಕಪ್ಪುಗೋಪುರ ಹತ್ತಿದಳು, ಗಾಳಿ ಅವಳನ್ನು ಎಳೆದಾಡಿತು, ಅವಳು ಗಾಳಿಯನ್ನು ನೋಡಿ ನಕ್ಕಳು. ಹಗ್ಗದಕ್ಕನ ತಟ್ಟೆಯಲ್ಲಿ ಆಲೂಗಡ್ಡೆ ಹಾಗೇ ಇತ್ತು. ಓದು ಮುಗಿದಾಗ ಅವಳು ಚೆನ್ನಾಗಿದೆ ಎಂದಳು. ಗಾಳಿ ಹಾಗೆ ಎಳೆಯುವುದು ನಿಜ ಎಂದಳು. ನೀರು ಕುಡಿಯಲು ಲೋಟ ಎತ್ತಿದಾಗ ಅದು ಹಲ್ಲಿಗೆ ತಾಗಿ ಟಣಟಣ ಎಂದಿತು. ಅವಳು ಲೋಟವನ್ನು ಕೆಳಗಿಟ್ಟು, ನಾಳೆ ಬೇಗ ಏಳಬೇಕು ಎಂದು ಎದ್ದಳು. ಮಗಳು ಆ ಲೋಟವನ್ನೇ ನೋಡುತ್ತಿದ್ದುದನ್ನು ಸೌಟುರಾಯ ಗಮನಿಸಿದ.

ಸೋಮವಾರ ಬೆಳಿಗ್ಗೆ ವ್ಯಾನು ಮನೆಯ ಮುಂದೆಯೇ ಬಂದು ನಿಂತಿತು. ಗೋಪುರದ ದಿನವೆಂದು ಮೇಸ್ತ್ರಿ ತೋರಿಸಿದ ಮರ್ಯಾದೆ. ಹಗ್ಗದಕ್ಕ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಬಚ್ಚಲಿನಲ್ಲಿ ಆಗಲೇ ಬಹಳ ಹೊತ್ತು ನಲ್ಲಿ ಜೋರಾಗಿ ಸುರಿದು ನಿಂತಿತ್ತು. ಅದನ್ನು ಕೇಳಿಸಿಕೊಂಡ ಅಜ್ಜಿ ತನ್ನ ಮಂಚದ ಮೇಲೆ ಎದ್ದು ಕೂತಿದ್ದಳು.

ಹಗ್ಗದಕ್ಕ ಎದ್ದು ಹೊಸ್ತಿಲ ಒಳಗೆ ಮನೆಗೆ ಬೆನ್ನು ಮಾಡಿ ನಿಂತಳು. ಆ ಮಾತಿಗೆ ಕಾಯುತ್ತಿದ್ದಳು. ಅದಾಗದೆ ಈ ಮನೆಯಿಂದ ಅವಳು ಎಂದೂ ಹೊರಟಿರಲಿಲ್ಲ.

ಸೌಟುರಾಯ ಏನೂ ಹೇಳಲಿಲ್ಲ. ವ್ಯಾನು ಹಾರ್ನ್ ಹೊಡೆಯಿತು.

“ಏನು ತರ್ಬೇಕು ಹೇಳು” ಎಂದಳು.

“ಏನೂ ಬೇಡ. ಮನೇಲಿ ಉಪ್ಪು ಬೇಕಾದಷ್ಟಿದೆ ರೀ.”

ಅವಳು ತಿರುಗಿದಳು. ಅವನು ತಾಯಿಯ ಮಂಚದ ಕೆಳಗೆ ಬಗ್ಗಿ, ಕೆಂಪು ಪೊಟ್ಟಣಗಳನ್ನು ಎರಡೂ ಕೈಯಲ್ಲಿ ಬಾಚಿ ತಂದು, ಹೊಸ್ತಿಲ ಮೇಲೆ ಒಂದೊಂದಾಗಿ ಜೋಡಿಸಿದ. ಮೀನು, ಮೀನು, ಮೀನು. ಅವಳು ಅವುಗಳನ್ನು ದಾಟಬೇಕಾದರೆ ಕಾಲೆತ್ತಬೇಕಿತ್ತು.

“ನೋಡಿದ್ಯಾ?” ಎಂದಳು.

“ಮೂರನೇ ಮೆಟ್ಟಿಲು.”

ಅವಳ ಮುಖದಲ್ಲಿ ರಕ್ತವೆಲ್ಲ ಮೇಲೆ ಬಂದು ಕೆಳಗಿಳಿಯಿತು. “ಹಾಗಾದ್ರೆ ನಗು. ಎಲ್ಲರನ್ನೂ ಅಣಕಿಸ್ತೀಯಲ್ಲ, ಇದನ್ನೂ ಆಡಿ ತೋರಿಸು. ಜಾರುಬಂಡೆ ಹತ್ತೋಕಾಗದೋಳು ಗೋಪುರಕ್ಕೆ ಹೊರಟಿದಾಳೆ ಅಂತ.”

“ಹೋಗಬೇಡ ಕಣೆ” ಎಂದ ಅವನು.

ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಕೇಳಿಸದ ಏಕವಚನ. ಅಜ್ಜಿ ಕೂಡ ಕತ್ತೆತ್ತಿ ನೋಡಿದಳು. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕೋಣೆಯಿಂದ ಬಂದ ಮಗಳು ಹಾಗೇ ಗೋಡೆಗೆ ಒರಗಿದಳು.

ಹಗ್ಗದಕ್ಕ ಗೋಡೆ ಹಿಡಿದಳು. “ಹೆಂಗಸು, ಕೊನೆಗೂ ಹೆದರಿದ್ಲು ಅಂತಾರೆ. ಇಷ್ಟು ವರ್ಷ ಅದಕ್ಕೇ ಕಾಯ್ತಾ ಇದಾರೆ.”

“ಅನ್ಲಿ. ಹೆದರಿದೋಳು ಮನೇಲಿದಾಳೆ ಅಂತ ನಾನಂತೀನಿ.”

ವ್ಯಾನು ಮತ್ತೆ ಹಾರ್ನ್ ಹೊಡೆಯಿತು. ಅಜ್ಜಿ ಒಳಗಿನಿಂದ, ಆ ಗಾಡಿಯವನಿಗೆ ಯಾರಾದರೂ ಉತ್ತರ ಕೊಡಿ, ಇಲ್ಲದಿದ್ದರೆ ನಾನೇ ಹೋಗಿ ಹತ್ತುತ್ತೇನೆ ಎಂದಳು. ಹಗ್ಗದಕ್ಕ ಫೋನ್ ತೆಗೆದು ಮೇಸ್ತ್ರಿಯ ಸಂಖ್ಯೆ ಒತ್ತಿ, ಅತ್ತ ಗಂಟೆ ಹೊಡೆಯುತ್ತಿದ್ದಂತೆ ಗಂಡನ ಕೈಗೆ ತುರುಕಿದಳು.

“ನೀನೇ ಮಾತಾಡು. ನನ್ನ ದನಿ ಮಾಡು. ಜ್ವರ ಅಂತ ಹೇಳು.”

“ಎಲ್ಲರದೂ ಬರುತ್ತೆ. ನಿನ್ನದು ಬರಲ್ಲ.” ಅದು ನಿಜವಾಗಿತ್ತು. ಪ್ರಯತ್ನಿಸಿರಲಿಲ್ಲವೆಂದಲ್ಲ. ಒಬ್ಬನೇ ಬೇಳೆ ಆರಿಸುವಾಗ, ಅವಳು ಬಂದಂತೆ, ಬಾಗಿಲಲ್ಲಿ ನಿಂತು ಕೂಗಿದಂತೆ, ಎಷ್ಟೋ ಸಲ.

ಅವಳು ಫೋನ್ ಕಿವಿಗಿಟ್ಟುಕೊಂಡಳು. ಅತ್ತ ಮೇಸ್ತ್ರಿ ಅಂದ್ರೆ ಅಂದ್ರೆ ಎನ್ನುತ್ತಿದ್ದದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಅವಳು ಕಣ್ಣು ಮುಚ್ಚಿದಳು, ಹಗ್ಗ ಬಿಡುವ ಮೊದಲು ಮುಚ್ಚುವವರಂತೆ.

“ಜ್ವರ ಅಲ್ಲ ಮೇಸ್ತ್ರಿ. ನನಗೆ ಹೆದರಿಕೆ. ಮೇಲೆ ಹೋದ್ರೆ ಕೈ ಬಿಡಲ್ಲ, ಕಾಲು ಏಳಲ್ಲ. ನಾನು ಬರಲ್ಲ.”

ಅತ್ತಣ ಮಾತಿನಲ್ಲಿ ಈ ಸಲ ಒಂದು ‘ಅಂದ್ರೆ’ಯೂ ಇರಲಿಲ್ಲ. ಮೇಸ್ತ್ರಿ, ಹೇಳಿದ್ದು ಒಳ್ಳೆಯದಾಯಿತು, ಗಂಟಣ್ಣನಿಗೂ ಅನುಮಾನವಿತ್ತು, ಮುಂದಿನದನ್ನು ಆಮೇಲೆ ನೋಡೋಣ ಎಂದ. ಕೆಲಸ ಮಾತ್ರ ನಿಲ್ಲಿಸುವಂತಿಲ್ಲ. ನೀವು ಕಲಿಸಿದ ಹೊಸ ಹುಡುಗಿಯನ್ನೇ ಕಳಿಸುತ್ತೇನೆ, ಅವಳಿಗೆ ಭಯವೆಂಬುದೇ ಗೊತ್ತಿಲ್ಲ ಎಂದ.

ಹಗ್ಗದಕ್ಕನ ತುಟಿ ಬಿಳಿಚಿತು. ಬೇರೆ ಯಾರಾದರೂ ಇಲ್ಲವೇ ಎಂದು ಕೇಳಿದಳು, ಇರಲಿಲ್ಲ. ಗಂಟು ಎರಡು ಸಲ ನೋಡಲಿ, ಮಧ್ಯಾಹ್ನ ಗಾಳಿ ಎದ್ದರೆ ಇಳಿಸಿಬಿಡಿ ಎಂದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು, ಮಾತು ಗಂಟಲಲ್ಲಿ ನಿಂತಿತು.

“ಮತ್ತೆ ಅವಳಿಗೆ ಹೇಳಿ... ಬರುವಾಗ ಉಪ್ಪು ತರ್ಬೇಕಂತೆ ಅಂತ.”

“ಅಂದ್ರೆ, ಉಪ್ಪಾ?” ಎಂದ ಮೇಸ್ತ್ರಿ.

“ಉಪ್ಪು. ಅಕ್ಕನ ಮನೆಗೆ ತಂದು ಕೊಡ್ಬೇಕಂತೆ ಅಂತ ಹೇಳಿ.”

ವ್ಯಾನು ಹೋಯಿತು. ಅವಳು ಬೂಟು ಬಿಚ್ಚದೆ ಮನೆಯೊಳಗೆ ತಿರುಗಾಡಿದಳು. ಕಿಟಕಿಗೆ ಹೋದಳು, ಬಂದಳು. ಮರಗಳ ತುದಿ ಅಲುಗುತ್ತಿದೆಯೇ ನೋಡಿದಳು. ಮಗಳು ಕಾಲೇಜಿಗೆ ಹೋಗಲಿಲ್ಲ. ಹೋಗೆಂದು ಯಾರೂ ಹೇಳಲೂ ಇಲ್ಲ. ಸೌಟುರಾಯ ಎಂದಿನಂತೆ ಅಡುಗೆಗಿಟ್ಟು, ಎಂದಿನ ಹೊತ್ತಿಗೆ ಗೋಡೆಗೊರಗಿ ನೆಲದ ಮೇಲೆ ಕೂತ. ಅವಳು ಬಂದು ಎದುರಿಗೆ ನಿಂತಳು.

“ಈ ಹೊತ್ತಿಗೆ ಅವಳನ್ನ ಅಂಚಿನಿಂದ ಕೆಳಗೆ ಬಿಟ್ಟಿರ್ತಾರೆ” ಎಂದಳು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದಳು. “ಈ ಹೊತ್ತಲ್ಲಿ ನೀನೇನು ಮಾಡ್ತಿದ್ದೆ?”

“ಬೇಳೆ ಆರಿಸ್ತಿದ್ದೆ.”

“ಪ್ಯಾಕೆಟ್ ಬೇಳೇಲಿ ಕಲ್ಲೆಲ್ಲಿರುತ್ತೆ?”

“ಇರಲ್ಲ.”

ಅವನು ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ಡಬ್ಬದಿಂದ ಬೇಳೆ ಸುರಿದ. ಅವಳು ಕೂತಳು. ಅಂಗೈ ಸವೆದ ಆ ಕೈಗಳಿಂದ ಒಂದು ಕಾಳನ್ನು ಈ ಕಡೆಯಿಂದ ಆ ಕಡೆಗೆ ದೂಡಿದಳು. ಇನ್ನೊಂದನ್ನು. ಹೊರಗೆ ಎಲ್ಲಿಯೋ ಒಂದು ಬಾಗಿಲು ಗಾಳಿಗೆ ಧಡ್ಡೆಂದಿತು. ನಾಲ್ಕು ಕೈಗಳೂ ನಿಂತು ಮತ್ತೆ ಚಲಿಸಿದವು. ಅವಳು ನಾಲಿಗೆಯಿಂದ ತುಟಿ ಸವರಿಕೊಂಡಳು, ಮತ್ತೊಮ್ಮೆ ಸವರಿಕೊಂಡಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಸದ್ದಿಲ್ಲದೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಅಮ್ಮನ ಪಕ್ಕದಲ್ಲಿಟ್ಟಳು. ಇನ್ನೊಂದು ಲೋಟ ಅಪ್ಪನ ಪಕ್ಕದಲ್ಲಿ.

ಬೇಳೆ ಮುಗಿಯಿತು. ಫೋನ್ ಇನ್ನೂ ಸುಮ್ಮನೆ ಬಿದ್ದಿತ್ತು. ಹಗ್ಗದಕ್ಕ ಕಿಟಕಿಯ ಕಡೆ ನೋಡಿದಳು, ತಟ್ಟೆಯ ಕಡೆ ನೋಡಿದಳು.

“ಇನ್ನೊಂದು ಡಬ್ಬ ಇದ್ರೆ ಕೊಡು” ಎಂದಳು.